ಹನ್ನೆರಡು ಮೂಟೆ, ಇಪ್ಪತ್ತೈದು ಪಾಲು

ಬಡತನ ಇಪ್ಪತ್ತೆರಡು ಪುಟಗಳಲ್ಲಿ ಹಿಡಿಯುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಅಷ್ಟು ಪುಟಗಳ ಪ್ರಶ್ನಾವಳಿಯ ಕಟ್ಟನ್ನು ಹೆಗಲ ಚೀಲದಲ್ಲಿ ಹೊತ್ತು ಮನೆಮನೆ ತಿರುಗುವುದೇ ನನ್ನ ಕೆಲಸ. ಮನೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಹೊತ್ತು ಉಣ್ಣುತ್ತೀರಿ, ಮಾಡಿಗೆ ಹಂಚೋ ತೆಂಗಿನ ಮಡಲೋ, ಯಾರು ಊರು ಬಿಟ್ಟಿದ್ದಾರೆ, ಯಾಕೆ ಬಿಟ್ಟರು. ಪ್ರತಿ ಪ್ರಶ್ನೆಯ ಮುಂದೆ ಒಂದು ಚೌಕ, ಚೌಕದೊಳಗೆ ಒಂದು ಅಂಕಿ. ಚೌಕಕ್ಕೆ ಹೊಂದದ ಉತ್ತರ ಬಂದರೆ ತಪ್ಪು ಉತ್ತರ ಕೊಟ್ಟವರದ್ದು ಎಂಬ ಧಿಮಾಕು ನನಗಿತ್ತು.

ನಮ್ಮ ಕಡೆಗೆ ರೈಲು ಬಂದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಹಳದೀಪುರದ ಗದ್ದೆ ಮನೆಯವಳು. ಹೊನ್ನಾವರದಲ್ಲಿ ಅರ್ಥಶಾಸ್ತ್ರ ಓದಿ, ಎರಡು ವರ್ಷ ಕೆಲಸವಿಲ್ಲದೆ ಕೂತು, ಮನೆಯವರ ಜೊತೆ ದಿನಕ್ಕೊಂದು ಜಗಳ ಆಡುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. "ಇವ್ಳ ಮೂಗಿನ ಮೇಲೆ ಗಂಜಿ ಇಟ್ರೆ ಬೇಯ್ತದೆ" ಎಂದು ಹೆತ್ತ ಆಯಿಯೇ ನೆರೆಯವರಿಗೆ ಹೇಳುತ್ತಿದ್ದಳು. ಹೀಗಿರುವಾಗ ಧಾರವಾಡದ ಕಡೆಯ ಒಬ್ಬ ಸಂಶೋಧಕಿ ನಮ್ಮ ಕರಾವಳಿಯಲ್ಲಿ ಅಧ್ಯಯನಕ್ಕೆ ಹುಡುಗಿಯರನ್ನು ಹುಡುಕುತ್ತಿದ್ದಾರೆ ಎಂದು ನನ್ನ ಕಾಲೇಜಿನ ಮಾಸ್ತರರು ಹೇಳಿ ಕಳಿಸಿದರು. ಮರುದಿನವೇ ಹೋಗಿ ಸೇರಿಕೊಂಡೆ.

ಅವರನ್ನು ನಾವು ಮೇಡಂ ಎಂದಷ್ಟೇ ಕರೆಯುತ್ತಿದ್ದೆವು. ಐವತ್ತರ ಹತ್ತಿರದ ವಯಸ್ಸು. ಕನ್ನಡಕವನ್ನು ಹಣೆಗೇರಿಸಿಕೊಂಡು ಕನ್ನಡಕ ಎಲ್ಲಿ ಎಂದು ಹುಡುಕುವವರು. ಅವರಿಗೆ ಇದ್ದದ್ದು ಒಂದೇ ಪ್ರಶ್ನೆ. "ಹೊಟ್ಟಿಗೆ ಖಾತ್ರಿ ಇದ್ರ ಮಂದಿ ಮಕ್ಕಳನ್ನ ದೂರ ದುಡಿಲಿಕ್ಕೆ ಕಳಸ್ತಾರೋ ಇಲ್ಲೋ? ನನಗ ಇಷ್ಟ ಗೊತ್ತಾಗಬೇಕು" ಎಂದರು ಮೊದಲ ದಿನ. ಇಷ್ಟು ಸಣ್ಣ ಪ್ರಶ್ನೆಗೆ ಇಪ್ಪತ್ತೆರಡು ಪುಟ ಯಾಕೆ ಎಂದು ನಾನು ಕೇಳಿದೆ. ಅವರು ನಕ್ಕು ಇನ್ನೊಂದು ಪುಟ ಸೇರಿಸಬೇಕಾಗಿದೆ ಎಂದರು.

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಓಡಾಡಿದೆ. ಭಟ್ಕಳದಲ್ಲಿ ಗಲ್ಫಿಗೆ ಹೋದವರ ಮನೆಗಳಲ್ಲಿ ಹೆಂಗಸರು ಶರಬತ್ತು ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ನನ್ನ ಸಂಬಳ, ಮದುವೆ, ಅಪ್ಪನ ಗದ್ದೆ ಎಲ್ಲ ವಿಚಾರಿಸಿ, ನನ್ನ ಪ್ರಶ್ನಾವಳಿಯನ್ನು ನನ್ನ ಮೇಲೇ ತಿರುಗಿಸುತ್ತಿದ್ದರು. ಕುಮಟಾದ ಕಡೆಯ ಒಬ್ಬಳು ಆರು ತಿಂಗಳು ಓಂ ಬೀಚಿನ ಗುಡಿಸಲು ಹೋಟೆಲಿನಲ್ಲಿ ಪಾತ್ರೆ ತೊಳೆದು ಆರು ತಿಂಗಳು ಮನೆಯಲ್ಲಿರುವವಳು. "ನನ್ನ ಊರು ಬಿಟ್ಟವಳು ಅಂತ ಬರೀತ್ರೋ, ಊರಲ್ಲಿದ್ದವಳು ಅಂತ ಬರೀತ್ರೋ?" ಎಂದು ಕೇಳಿ ನನ್ನ ಪೆನ್ನನ್ನು ಅರ್ಧ ಗಂಟೆ ಗಾಳಿಯಲ್ಲಿ ನಿಲ್ಲಿಸಿದ್ದಳು. ಆದರೆ ನಾನು ಬರೆಯಲು ಕೂತದ್ದು ಮಂಕಿಯ ವಿಷಯ.

ಮಂಕಿಯ ಕಡಲ ದಂಡೆಯಲ್ಲಿ ಮೀನುಗಾರರ ಒಂದು ಕೇರಿ. ಹೆದ್ದಾರಿಯಲ್ಲಿ ಬಸ್ಸು ಇಳಿದು ತೆಂಗಿನ ತೋಟಗಳ ನಡುವೆ, ಆಮೇಲೆ ಕಾಲು ಹೂಳುವ ಮರಳಿನಲ್ಲಿ ಒಂದು ಮೈಲಿ ನಡೆಯಬೇಕು. ಅಲ್ಲಿ ಬಹಳ ಕಷ್ಟದಲ್ಲಿರುವ ಮನೆಗಳನ್ನು ಹುಡುಕಿ ಪಟ್ಟಿ ಮಾಡಿದಾಗ ಇಪ್ಪತ್ನಾಲ್ಕು ಮನೆಗಳಾದವು. ಒಂದೊಂದು ಊರಿಗೆ ಮೇಡಂ ಹತ್ತಿರ ಇದ್ದದ್ದು ಹನ್ನೆರಡು ಮನೆಗೆ ಎರಡು ವರ್ಷ, ತಿಂಗಳಿಗೊಂದು ಮೂಟೆ ಕುಚ್ಚಲಕ್ಕಿ ಕೊಡುವಷ್ಟು ಅನುದಾನ. ಇಪ್ಪತ್ನಾಲ್ಕರಲ್ಲಿ ಹನ್ನೆರಡನ್ನು ಚೀಟಿ ಎತ್ತಿ ಆರಿಸುವುದು, ಅಕ್ಕಿ ಸಿಕ್ಕವರನ್ನೂ ಸಿಗದವರನ್ನೂ ಎರಡು ತಿಂಗಳಿಗೊಮ್ಮೆ ಹೋಗಿ ಕೇಳುವುದು, ಎರಡೂ ಗುಂಪಿಗೆ ಏನು ವ್ಯತ್ಯಾಸ ಎಂದು ನೋಡುವುದು. ಇದು ಅಧ್ಯಯನದ ಕ್ರಮ.

ನನಗೆ ಮೈಯೆಲ್ಲ ಉರಿಯಿತು. "ಹಸಿದವರಲ್ಲಿ ಅರ್ಧ ಜನಕ್ಕೆ ಕೊಟ್ಟು ಉಳಿದರ್ಧ ಹೇಗೆ ಹಸಿದಿರ್ತಾರೆ ಅಂತ ನೋಡ್ತಾ ಕೂರೂದಾ ಮೇಡಂ?" ಎಂದೆ.

ಅವರು ಸಿಟ್ಟಾಗಲಿಲ್ಲ. "ಎಲ್ಲಾರಿಗೂ ಕೊಡಲಿಕ್ಕೆ ನನ್ನ ಹತ್ರ ಇಲ್ಲ. ಆರಿಸೋದು ನಾನೂ ನೀನೂ ಆದ್ರ ಆ ಪಾಪ ನಮಗ. ಚೀಟಿ ಆರಿಸಿದ್ರ ಯಾರ ಮೇಲೂ ಇಲ್ಲ. ಅಕ್ಕಿ ಕೊಟ್ಟದ್ದಕ್ಕ ಮಕ್ಕಳು ಊರಾಗ ಉಳಿದ್ರು ಅಂತ ತೋರಿಸಿದ್ರ, ನಾಳೆ ಎಲ್ಲಾರಿಗೂ ಕೊಡ್ರಿ ಅಂತ ಸರಕಾರಕ್ಕ ಹೇಳಲಿಕ್ಕೆ ನನಗ ಬಾಯಿ ಬರ್ತದ" ಎಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ನ್ಯಾಯ ಇದೆ ಎಂದು ಗೊತ್ತಾದ ಮೇಲೂ ನನ್ನ ಉರಿ ಆರಲಿಲ್ಲ.

ಆರದೆ ಇದ್ದದ್ದಕ್ಕೆ ಕಾರಣ ಒಂದು ಮನೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು, ನಲವತ್ತು ದಾಟಿತ್ತು. ಗಂಡ ಕಡಲಿಗೆ ಹೋದವನು ಹಿಂದೆ ಬಂದಿರಲಿಲ್ಲ. ಒಬ್ಬಳೇ ಮಗಳು, ಹದಿನೇಳು ವರ್ಷ, ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಮೊದಲ ವರ್ಷ ಓದುತ್ತಿದ್ದಳು. ಆ ಕೇರಿಯಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹುಡುಗಿ. ಗುಜರಾತಿನ ಸಿಗಡಿ ಸುಲಿಯುವ ಶೆಡ್ಡುಗಳಿಗೆ ಹುಡುಗಿಯರನ್ನು ಕರೆದೊಯ್ಯುವ ಹೆಂಗಸೊಬ್ಬಳು ಆ ವರ್ಷ ಕೇರಿಗೆ ಎರಡು ಸಲ ಬಂದುಹೋಗಿದ್ದಳು. ಸಂಕ್ರಾಂತಿ ಕಳೆದ ಮೇಲೆ ರೈಲು, ಊಟ ವಸತಿ ಅವರದ್ದೇ ಎಂದು ಹೇಳಿದ್ದಳಂತೆ.

"ಕಳಿಸ್ತೀರಾ ಅಕ್ಕ?" ಎಂದು ಕೇಳಿದೆ. ಅದು ಹದಿನೆಂಟನೇ ಪುಟದ ಪ್ರಶ್ನೆ.

"ನಿಮ್ಮ ಅಕ್ಕಿ ಬಂದ್ರೆ ಇಲ್ಲ" ಎಂದಳು. "ಬರದಿದ್ರೆ ಮತ್ತೆಂತ ಮಾಡೂದು ಅಕ್ಕೋರೇ? ಒಂದು ಬಾಯಿ ಕಮ್ಮಿ ಆತದಲ್ಲ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ವಾಡಿಕೆ. ಕೈಯಲ್ಲಿ ಕಾಗದ ಇತ್ತೆಂದು ನನಗೂ ಆ ಮರ್ಯಾದೆ ಸಿಕ್ಕಿತ್ತು. ಮಗಳು ಬಾಗಿಲ ಮೂಲೆಯಲ್ಲಿ ಕೂತು ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದಳು. ತಾಯಿಯ ಮಾತು ಕೇಳಿಸಿದರೂ ತಲೆ ಎತ್ತಲಿಲ್ಲ. ನಾನು ಚೌಕದಲ್ಲಿ ಅಂಕಿ ಬರೆದೆ.

ಚೀಟಿ ಎತ್ತುವ ದಿನ ಎಲ್ಲರಿಗೂ ವಿಷಯ ತಿಳಿಸುವ ಹೊಣೆ ನನ್ನದು. ಪಟ್ಟಿ ಮಾಡುತ್ತಿದ್ದ ವಾರದಲ್ಲಿ ನಾನು ದಂಡೆಯಲ್ಲಿ ಒಂದು ಪದ್ಧತಿ ಗಮನಿಸಿದ್ದೆ. ಅವರದ್ದು ಕೈರಂಪಣಿ, ಅಂದರೆ ದೋಣಿಯಲ್ಲಿ ಸ್ವಲ್ಪ ದೂರ ಹೋಗಿ ಬಲೆ ಬಿಟ್ಟು, ಅದರ ಎರಡು ಕಡೆಯ ಹಗ್ಗವನ್ನು ದಂಡೆಯಿಂದ ಎಳೆಯುವುದು. ಒಂದೇ ಜಾಗಕ್ಕೆ ಎರಡು ಬಲೆಯವರು ಬಂದರೆ ಜಗಳ ಮಾಡುವುದಿಲ್ಲ, ಟೊಪ್ಪಿಯೊಳಗೆ ಬಲೆಗೊಂದರಂತೆ ಎರಡು ಚಿಪ್ಪು ಹಾಕಿ ಒಂದನ್ನು ಎತ್ತುತ್ತಾರೆ. ಗೆದ್ದವರು ಬಲೆ ಬಿಡುತ್ತಾರೆ. ಸೋತವರು ಮರಳಲ್ಲಿ ಕೂರುತ್ತಾರೆ. ಇಷ್ಟು ನೋಡಿ, ಎಷ್ಟು ಚಂದದ ಉದಾಹರಣೆ ಸಿಕ್ಕಿತು ಎಂದು ಹಿಗ್ಗಿ, ಹತ್ತು ಗಂಟೆಯ ಬಸ್ಸಿಗೆ ಓಡಿದ್ದೆ. ಬಲೆ ದಂಡೆಗೆ ಬರುವವರೆಗೆ ನಾನು ನಿಂತಿರಲಿಲ್ಲ.

ಹಾಗಾಗಿ ಆವತ್ತು ಬಲೆ ಇಡುವ ಶೆಡ್ಡಿನಲ್ಲಿ ಇಪ್ಪತ್ನಾಲ್ಕು ಮನೆಯ ಹೆಂಗಸರ ಮುಂದೆ ನಿಂತು, ದೊಡ್ಡ ಜಾಣೆಯ ಹಾಗೆ, "ನೀವು ಬಲೆಗೆ ಚಿಪ್ಪು ಎತ್ತೂದಿಲ್ವಾ, ಇದೂ ಹಾಂಗೇ" ಎಂದೆ.

ಕೇರಿಯ ಹಿರಿಯಳಾದ ಅಜ್ಜಿಯೊಬ್ಬಳು ಎದುರಿಗೇ ಕೂತಿದ್ದಳು. ಬಾಯಲ್ಲಿ ನಾಲ್ಕು ಹಲ್ಲು, ಮಾತಿಗೆ ಮಾತ್ರ ನಾಲ್ವತ್ತು. "ಬಲೆ ಚಿಪ್ಪಿನ ಹಾಂಗೇ ಅಲ್ದಾ?" ಎಂದು ಕೇಳಿದಳು. ನಾನು ತಲೆಯಾಡಿಸಿದ ಮೇಲೂ ಇನ್ನೊಮ್ಮೆ ಅದನ್ನೇ ಕೇಳಿದಳು.

"ಹೌದು ಅಜ್ಜಿ. ಅದೇ ಕ್ರಮ."

"ಹಾಂಗಾದ್ರೆ ನಮ್ಗೆ ಗೊತ್ತದೆ. ಆತು, ಎತ್ತಿ" ಎಂದಳು.

ಒಬ್ಬೊಬ್ಬರೇ ಬಂದು ಮಡಕೆಯಿಂದ ಚೀಟಿ ಎತ್ತಿದರು. ಅಜ್ಜಿಯ ಮನೆಗೆ ಅಕ್ಕಿ ಬಂತು. ಬುಟ್ಟಿಯ ಹೆಂಗಸಿನ ಚೀಟಿ ಖಾಲಿ. ಬಿಡಿಸಿ ನೋಡಿ ನನ್ನ ಕೈಗೆ ವಾಪಸು ಕೊಟ್ಟು "ಆತು" ಎಂದಳು, ಅಷ್ಟೇ. ಅಳಲಿಲ್ಲ, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಹಳದೀಪುರದವರೆಗೂ ಅತ್ತೆ.

ಮುಂದಿನ ಸುತ್ತಿಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಹೆದ್ದಾರಿಯಲ್ಲಿ ಇಳಿದರೆ ಆ ಹುಡುಗಿ ಎದುರಿಗೇ ಚೀಲ ಹಿಡಿದು ಹೊನ್ನಾವರದ ಬಸ್ಸು ಕಾಯುತ್ತಿದ್ದಳು. ಗುಜರಾತಿಗೆ ಹೋಗಲಿಲ್ಲವೇ ಎಂದು ಕೇಳಿದರೆ ಇಲ್ಲ ಎಂದು ನಕ್ಕಳು. ತಾಯಿ ಹೇಗೋ ನಿಭಾಯಿಸುತ್ತಿದ್ದಾಳೆ ಎಂದುಕೊಂಡೆ. ಆ ಹೆಂಗಸಿನ ಮನೆಯಲ್ಲಿ ಕೂರಲು ಇದ್ದದ್ದು ಹಳೆಯ ಬಲೆ ಮುಚ್ಚಿದ ಎರಡು ತಗಡಿನ ಡ್ರಮ್ಮು. ಅದರ ಮೇಲೆ ಕೂತು ಪ್ರಶ್ನೆ ಕೇಳಿದೆ. ಯಾರಾದರೂ ದಾನ ಕೊಟ್ಟರೇ? ಇಲ್ಲ. ಕೈಗಡ ಕೊಟ್ಟರೇ? ಇಲ್ಲ. ನಿಮ್ಮ ಮನೆಯಲ್ಲಿ ಎಷ್ಟು ದಿನಕ್ಕೆ ಸಾಲುವ ಅಕ್ಕಿ ಇದೆ? "ನಮ್ದು ಒಂದು ವಾರಕ್ಕಪ್ಪುದು" ಎಂದಳು. ಬರೆದುಕೊಂಡೆ. ಉಳಿದ ಮನೆಗಳಲ್ಲೂ ಹೀಗೇ. ದಾನ ಇಲ್ಲ, ಸಾಲ ಇಲ್ಲ, ಯಾರೂ ಊರು ಬಿಟ್ಟಿಲ್ಲ. ಎರಡು ತಿಂಗಳಿಗೊಮ್ಮೆ, ವರ್ಷವಿಡೀ ಇದೇ ಉತ್ತರ.

ವರ್ಷ ತುಂಬುತ್ತ ಬಂದಾಗ ಮೇಡಂ ಎಲ್ಲ ಕಟ್ಟುಗಳನ್ನೂ ಧಾರವಾಡಕ್ಕೆ ಒಯ್ದು ಲೆಕ್ಕ ಹಾಕಿಸಿದರು. ಆಮೇಲೆ ಪಕ್ಕದ ಮನೆಯ ಫೋನಿಗೆ ಕರೆ ಬಂತು. ಭಟ್ಕಳ, ಕುಮಟಾಗಳಲ್ಲಿ ಅಕ್ಕಿ ಸಿಕ್ಕವರಿಗೂ ಸಿಗದವರಿಗೂ ವ್ಯತ್ಯಾಸ ಕಾಣುತ್ತದೆ, ಮಂಕಿಯಲ್ಲಿ ಮಾತ್ರ ಕೂದಲೆಳೆಯಷ್ಟೂ ಇಲ್ಲ ಎಂದರು. "ಸಿಕ್ಕವರೂ ಅಷ್ಟ ಉಂಡಾರ, ಸಿಗದವರೂ ಅಷ್ಟ ಉಂಡಾರ. ಹಿಂಗ ಆಗಲಿಕ್ಕೆ ಸಾಧ್ಯ ಇಲ್ಲ." ಹಾಗೇ ಮುಂದುವರಿಸಿ, "ನೀ ಎಲ್ಲಾ ಮನಿಗೆ ಹೋಗಿದ್ದಿ ಹೌದಲ್ಲೋ?" ಎಂದು ಕೇಳಿದರು.

ಮರದ ಕೆಳಗೆ ಕೂತು ನಾನೇ ಉತ್ತರ ತುಂಬಿದೆ ಎಂಬ ಅನುಮಾನ. ಆ ಮರಳಿನಲ್ಲಿ ಮೂರು ಜೋಡಿ ಚಪ್ಪಲಿ ಸವೆಸಿದವಳಿಗೆ ಈ ಮಾತು! ಫೋನು ಕುಕ್ಕಿಬಂದೆ. ಫೋನಿನ ಮನೆಯವರು ಆಮೇಲೆ ತಿಂಗಳುಗಟ್ಟಲೆ ಅದನ್ನು ಹೇಳಿಕೊಂಡು ನಕ್ಕರು. ಕೇರಿಯ ಹೆಂಗಸರು ನನಗೆ ಸುಳ್ಳು ಹೇಳಿದ್ದಾರೆ, ಕೈಯಾರೆ ಹಿಡಿಯುತ್ತೇನೆ ಎಂದು ತೀರ್ಮಾನ ಮಾಡಿದೆ. ಪ್ರತಿ ತಿಂಗಳು ಒಂದನೇ ತಾರೀಕಿಗೆ ಲಾರಿ ಬಂದು ಹೆದ್ದಾರಿಯಲ್ಲಿ ಮೂಟೆ ಇಳಿಸಿ, ಹೆಬ್ಬೆಟ್ಟು ಹಾಕಿಸಿಕೊಂಡು ಹೋಗುತ್ತಿತ್ತು. ನನ್ನ ಸುತ್ತು ಯಾವಾಗಲೂ ತಿಂಗಳ ನಡುವೆ. ಈ ಸಲ ಒಂದನೇ ತಾರೀಕಿನ ಬೆಳಿಗ್ಗೆಯೇ ಹೋಗಿ ಚಹದಂಗಡಿಯ ಒಳಬದಿಯಲ್ಲಿ ಕೂತೆ.

ಲಾರಿ ಬಂತು. ಹನ್ನೆರಡು ಮೂಟೆ ಇಳಿಯಿತು. ಚೀಟಿ ಗೆದ್ದ ಹನ್ನೆರಡು ಹೆಂಗಸರು ಹೆಬ್ಬೆಟ್ಟು ಹಾಕಿದರು. ಆದರೆ ಅಲ್ಲಿ ಚೀಟಿ ಸೋತವರೂ ಇದ್ದರು. ಹೆಬ್ಬೆಟ್ಟು ಮುಗಿದದ್ದೇ ಸೋತವರು ಮುಂದೆ ಬಂದು ಮೂಟೆಗಳನ್ನು ತಲೆಗೇರಿಸಿಕೊಂಡರು. ಗೆದ್ದವರು ಬರಿಗೈಯಲ್ಲಿ ಮುಂದೆ, ಸೋತವರು ಮೂಟೆ ಹೊತ್ತು ಹಿಂದೆ. ಬುಟ್ಟಿಯ ಹೆಂಗಸು ಅಜ್ಜಿಯ ಮನೆಯ ಮೂಟೆ ಹೊತ್ತಿದ್ದಳು.

ನನ್ನ ತಲೆಗೆ ರಕ್ತ ಏರಿತು. ಒಂದು ಮೂಟೆ ಅಕ್ಕಿ ಸಿಕ್ಕಿತೆಂದು ನೆರೆಮನೆಯವಳನ್ನು ಹಮಾಲಿ ಮಾಡಿಸಿಕೊಳ್ಳುವುದೇ? ಅಲ್ಪರಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದರಂತೆ ಎಂದು ಹಲ್ಲು ಕಚ್ಚಿಕೊಂಡು, ಅರ್ಧ ಫರ್ಲಾಂಗು ಬಿಟ್ಟು ಹಿಂಬಾಲಿಸಿದೆ.

ಕೇರಿಯ ಮೊದಲ ಮನೆಯ ಜಗಲಿಯಲ್ಲಿ ಕಾಲು ಸ್ವಾಧೀನ ತಪ್ಪಿದ ಮುದುಕಿಯೊಬ್ಬಳು ಕೂತಿರುತ್ತಿದ್ದಳು. ಅವಳ ಚೀಟಿಯೂ ಖಾಲಿ ಬಂದಿತ್ತು. ಮೊದಲ ಮೂಟೆ ಹೊತ್ತವಳು ಅವಳ ಎದುರು ನಿಂತು ಬಗ್ಗಿದಳು. ಮುದುಕಿ ಕೈ ಚಾಚಿ ಮೂಟೆಯನ್ನು ಮುಟ್ಟಿದಳು. ಅಂಗೈ ಇಟ್ಟು ತೆಗೆದಳು, ಅಷ್ಟೇ. ಮೂಟೆ ಮುಂದೆ ಹೋಯಿತು.

ಮೂಟೆಗಳು ಯಾರ ಮನೆಗೂ ಹೋಗಲಿಲ್ಲ. ಬಲೆ ಶೆಡ್ಡಿನಲ್ಲಿ ಹಳೆಯ ಹಾಯಿಬಟ್ಟೆ ಹಾಸಿತ್ತು. ಅದರ ಮೇಲೆ ಹನ್ನೆರಡನ್ನೂ ಸುರಿದರು. ಅಜ್ಜಿ ಸಿದ್ದೆ ಹಿಡಿದು ಕೂತಳು, ನಮ್ಮ ಕಡೆ ಅಕ್ಕಿ ಅಳೆಯುವ ಅಳತೆ ಅದು. ಒಂದೊಂದು ಸಿದ್ದೆಯಾಗಿ ಸುತ್ತು ಹಾಕುತ್ತ ಪಾಲು ಏಳತೊಡಗಿದವು. ಗೆದ್ದವರದ್ದು ಯಾವುದು, ಸೋತವರದ್ದು ಯಾವುದು ಎಂದು ಗುರುತೇ ಇಲ್ಲ, ಎಲ್ಲ ಒಂದೇ ಎತ್ತರ. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಸಿಟ್ಟು ಎಲ್ಲಿ ಹೋಯಿತು ಎಂದು ನನಗೇ ತಿಳಿಯಲಿಲ್ಲ. ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ನುಗ್ಗಿದವಳ ಹಾಗೆ ಆಯಿತು.

ಆದರೂ ಬಾಯಿ ಸುಮ್ಮನಿರಲಿಲ್ಲ. "ಎಂತ ಮಾಡ್ಬಿಟ್ರಿ ಅಜ್ಜಿ? ಒಂದು ವರ್ಷದ ಕೆಲಸ ಎಲ್ಲ ಹಾಳಾಯ್ತು. ನನಗೆ ಯಾಕೆ ಹೇಳ್ಲಿಲ್ಲ?"

ಅಜ್ಜಿ ಸಿದ್ದೆ ಕೆಳಗಿಡಲಿಲ್ಲ. "ನೀವು ಕೇಳ್ಲೇ ಇಲ್ಲ. ದಾನ ಕೇಳಿದ್ರಿ, ಸಾಲ ಕೇಳಿದ್ರಿ. ಪಾಲು ಕೇಳ್ಲಿಲ್ಲ."

"ಚೀಟಿ ಎತ್ತಿದ್ದು ಯಾಕೆ ಮತ್ತೆ?"

"ನೀವೇ ಹೇಳಿದ್ರಲ್ಲ ಅಕ್ಕೋರೇ, ಬಲೆ ಚಿಪ್ಪಿನ ಹಾಂಗೇ ಅಂತ. ನಾ ಎರಡು ಸರ್ತಿ ಕೇಳಿದೆ. ಚಿಪ್ಪು ಎತ್ತೂದು ಯಾರು ಬಲೆ ಬಿಡೂದು ಅಂತ ನೋಡೂಕೆ. ಯಾರು ಉಂಬೂದು ಅಂತ ನೋಡೂಕೆ ಅಲ್ಲ. ಸೋತವರೂ ಹಗ್ಗಕ್ಕೆ ಕೈ ಹಾಕ್ತ್ರು, ಅವರಿಗೂ ಪಾಲು ಅದೆ. ದಾರಿಯಲ್ಲಿ ಹೋಪವ ಬಂದು ಹಗ್ಗ ಹಿಡಿದ್ರೂ ಪಾಲು ಅದೆ. ಕೈ ಹಚ್ಚಿದವರಿಗೆ ಪಾಲು. ಇದು ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹತ್ತು ಗಂಟೆಯ ಬಸ್ಸಿಗೆ ಓಡಿದವಳಿಗೆ ಅರ್ಧ ಪದ್ಧತಿ ಮಾತ್ರ ಗೊತ್ತಿತ್ತು. ಆ ಅರ್ಧವನ್ನು ಹಿಡಿದು ಅವರಿಗೆ ಪಾಠ ಹೇಳಿದ್ದೆ. ಅವರು ಪೂರ್ತಿ ಪಾಠ ನಡೆಸಿದ್ದರು. ಹಗ್ಗದ ಜಾಗದಲ್ಲಿ ಮೂಟೆ, ಎಳೆಯುವ ಜಾಗದಲ್ಲಿ ಹೊರುವುದು. ಕಾಲು ಬಾರದ ಮುದುಕಿಯ ಕೈಗೆ ಮೂಟೆಯೇ ಬಗ್ಗುವುದು.

ಸುಮ್ಮನೆ ಪಾಲುಗಳನ್ನು ಎಣಿಸಿದೆ. ಇಪ್ಪತ್ತೈದು ಬಂತು. ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೈದೇ.

"ಇದೊಂದು ಯಾರದ್ದು?"

"ಬಲೆ ಯಜಮಾನರದ್ದು" ಎಂದಳು ಬುಟ್ಟಿಯ ಹೆಂಗಸು. ಬಲೆ ತಂದವರಿಗೆ ಒಂದು ಪಾಲು ಇಡದೆ ಮೀನು ಹಂಚುವ ಕ್ರಮ ಇಲ್ಲವಂತೆ. ಅಕ್ಕಿ ತಂದವರು ಮೇಡಂ, ಹಾಗಾಗಿ ಈ ಪಾಲು ಮೇಡಂ ಅವರದ್ದು. ಅವರು ಬಂದು ಕೇಳಿರಲಿಲ್ಲ. ಕೇಳದಿದ್ದರೂ ಅದು ಅವರದ್ದೇ.

"ಹಾಂಗಾದ್ರೆ ವರ್ಷದ ಪಾಲೆಲ್ಲ ಎಲ್ಲಿ?" ಎಂದು ಕೇಳಿದೆ. ಅವಳು ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಬಲೆ ಸರಿಸಿ ಡ್ರಮ್ಮಿನ ಮುಚ್ಚಳ ತೆಗೆದಳು. ತುಂಬ ಅಕ್ಕಿ. ಇನ್ನೊಂದರಲ್ಲೂ ಅಕ್ಕಿ. "ಹುಳ ಹಿಡೀಬಾರ್ದಲ್ಲ, ಹೊಸದು ಬಂದಾಗ ಹಳೇದು ನಾವು ತಕಂಡು ಅಷ್ಟೇ ಹೊಸದು ತುಂಬ್ತು" ಎಂದಳು. ನಾನು ವರ್ಷವಿಡೀ ಕೂತದ್ದು ಆ ಡ್ರಮ್ಮುಗಳ ಮೇಲೆ. ಅದರ ಮೇಲೆ ಕೂತೇ, ನಿಮ್ಮ ಮನೆಯಲ್ಲಿ ಎಷ್ಟು ಅಕ್ಕಿ ಇದೆ ಎಂದು ಕೇಳಿ, ಒಂದು ವಾರಕ್ಕೆ ಸಾಲುವಷ್ಟು ಎಂದು ಬರೆದಿದ್ದೆ. ಅವಳು ಸುಳ್ಳು ಹೇಳಿರಲಿಲ್ಲ. ತನ್ನದು ಎಷ್ಟೋ ಅಷ್ಟನ್ನೇ ಹೇಳಿದ್ದಳು. ಮಳೆಗಾಲದಲ್ಲಿ ಮೀನಿಲ್ಲದೆ ತಾಯಿ ಮಗಳು ಒಂದು ಹೊತ್ತು ಗಂಜಿ ಕುಡಿದ ದಿನಗಳೂ ನನ್ನ ಪ್ರಶ್ನಾವಳಿಯಲ್ಲಿ ಇದ್ದವು. ಆ ದಿನಗಳಲ್ಲೂ ಈ ಮುಚ್ಚಳ ಮುಚ್ಚಿಯೇ ಇತ್ತು. ನಾನೇ ಮುಚ್ಚಳ ಮುಚ್ಚಿ ಮೇಲೆ ಬಲೆ ಎಳೆದೆ.

ಕುಮಟಾಕ್ಕೆ ಬಂದು ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ, ಬಲೆ ಚಿಪ್ಪಿನ ಮಾತು ಆಡಿದ್ದು ನಾನೇ ಎಂದೂ ಹೇಳಿದೆ. ಉಪ್ಪು ತಿಂದವಳು ನೀರು ಕುಡಿಯಬೇಕಲ್ಲ. ಅವರು ಅಂಕಿಗಳನ್ನು ಒಂದೊಂದಾಗಿ ಮತ್ತೆ ಹೇಳಿಸಿಕೊಂಡರು. ಆಮೇಲೆ, "ಹನ್ನೆರಡು ಮೂಟ್ಯಾಗ ಇಪ್ಪತ್ನಾಲ್ಕು ಮನಿ ಉಳಿದಾವ. ಒಂದು ಹುಡುಗಿ ಸುದ್ದಾ ಊರು ಬಿಟ್ಟಿಲ್ಲ. ಇದನ್ನ ನಾ ಯಾವ ಕಾಲಮ್ಮಿನ್ಯಾಗ ಬರೀಲಿ?" ಎಂದರು. ನನ್ನನ್ನು ಅನುಮಾನಿಸಿದ್ದಕ್ಕೆ ತಪ್ಪಾಯಿತು ಎಂದೂ ಅಂದರು. ಅಷ್ಟು ದೊಡ್ಡವರು ಹಾಗೆ ಅಂದದ್ದಕ್ಕೆ ನನಗೆ ನಾಚಿಕೆಯಾಯಿತು.

ಮುಚ್ಚಿಡುವ ಜಾತಿ ಅವರದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹಣ ಕೊಡುವವರಿಗೆ ಬರೆದರು. ಹೋಲಿಸಿ ನೋಡಲು ಅಕ್ಕಿ ಸಿಗದವರೇ ಇಲ್ಲ ಎಂದ ಮೇಲೆ ಮಂಕಿಯಲ್ಲಿ ಮುಂದುವರಿಸುವುದರಲ್ಲಿ ಅರ್ಥವಿಲ್ಲ ಎಂದು ಉತ್ತರ ಬಂತು. ಮೇಡಂ ಜಗಳ ಮಾಡಿದರು, ಗೆಲ್ಲಲಿಲ್ಲ. ಹದಿಮೂರನೇ ತಿಂಗಳಿಗೆ ಅಕ್ಕಿ ನಿಂತಿತು. ಆಗ ಡಿಸೆಂಬರ್. ಆ ಹುಡುಗಿಯ ಎರಡನೇ ಪಿಯುಸಿ ಪರೀಕ್ಷೆಗೆ ಇನ್ನು ಮೂರು ತಿಂಗಳು. ಸಿಗಡಿ ಶೆಡ್ಡಿನ ಹೆಂಗಸು ಆ ವರ್ಷವೂ ಬಂದು, ಸಂಕ್ರಾಂತಿ ಕಳೆದ ಮೇಲೆ ರೈಲು ಎಂದು ಹೇಳಿಹೋಗಿದ್ದಳು. ತಾಯಿ ಈ ಸಲ ಇಲ್ಲ ಎಂದಿರಲಿಲ್ಲ.

ಸುದ್ದಿ ಹೇಳಲು ಮೇಡಂ ಖುದ್ದಾಗಿ ಬಾಡಿಗೆ ಜೀಪಿನಲ್ಲಿ ಬಂದರು. ಶೆಡ್ಡಿನಲ್ಲಿ ಎಲ್ಲರ ಮುಂದೆ ಕೈ ಮುಗಿದು, ಅಕ್ಕಿ ನಿಲ್ಲುತ್ತದೆ ಎಂದರು. ಅಜ್ಜಿ, "ಬಲೆ ಹರಿದ್ರೆ ಹರೀತದೆ, ನಿಮ್ಮ ಪಾಲು ತಕಂಡು ಹೋಗಿ" ಎಂದಳು. ಡ್ರಮ್ಮಿನ ಅಕ್ಕಿಯನ್ನು ಮೂಟೆಗೆ ತುಂಬಿ ಇಟ್ಟಿದ್ದರು. ಆರು ಮೂಟೆ.

ಮೇಡಂ ಗಾಬರಿಯಾದರು. ಇದು ನನಗೆ ಬೇಡ, ಈ ಹುಡುಗಿಯ ಮನೆಯಲ್ಲೇ ಇರಲಿ, ಪರೀಕ್ಷೆ ಮುಗಿಯುವವರೆಗೆ ಉಣ್ಣಲಿ ಎಂದರು. ಬುಟ್ಟಿಯ ಹೆಂಗಸಿನ ಮುಖ ಕೆಂಪಾಯಿತು. "ನಾವು ಬೇಡೂಕೆ ಕೂತವರಲ್ಲ" ಎಂದು ಎದ್ದು ಹೊರಗೆ ಹೋದಳು. ಮೇಡಂ ಕನ್ನಡಕ ತೆಗೆದು ಒರೆಸುತ್ತ ನಿಂತರು. ನನಗೂ ದಾರಿ ಕಾಣಲಿಲ್ಲ. ಆ ಮನೆಯಲ್ಲೇ ಆರು ಮೂಟೆ ಅಕ್ಕಿ ಇದೆ, ಅದು ಸಾಕು, ಆದರೆ ಅದನ್ನು ಅವಳಿಗೆ ಕೊಡುವ ಹಾಗಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ, "ಮಗಾ, ಮೇಡಮ್ಮೋರ ಮೂಟೆ ಜೀಪಿಗೆ ಮುಟ್ಸಿ ಬಾ" ಎಂದಳು.

ಜೀಪು ಇದ್ದದ್ದು ಹೆದ್ದಾರಿಯಲ್ಲಿ, ಒಂದು ಮೈಲಿ ಮರಳಿನ ಆಚೆ. ಹುಡುಗಿ ಮೊದಲ ಮೂಟೆ ತಲೆಗೇರಿಸಿದಳು. ನಾನು ಅಭ್ಯಾಸಬಲದಿಂದ ಉಳಿದ ಹೆಂಗಸರ ಕಡೆ ನೋಡಿದೆ. ಮೂಟೆ ಕಂಡರೆ ಕೈ ಚಾಚುವ ಹೆಂಗಸರು ಅವರು. ಆವತ್ತು ಒಬ್ಬರೂ ಅಲುಗಲಿಲ್ಲ. ಸೆರಗಿನೊಳಗೆ ಕೈ ಕಟ್ಟಿಕೊಂಡು ದಾರಿಯ ಎರಡೂ ಬದಿಗೆ ನಿಂತರು. ಜಗಲಿಯ ಮುದುಕಿ ಕೂಡ, ಹುಡುಗಿ ಎದುರು ಬಂದಾಗ, ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಆಗ ನನಗೆ ಹೊಳೆಯಿತು. ಕೈ ಹಚ್ಚಿದವರಿಗೆಲ್ಲ ಪಾಲು. ಅಕ್ಕಿ ನಿಂತದ್ದು ಇಪ್ಪತ್ನಾಲ್ಕು ಮನೆಗೂ. ಒಂದು ಬೆರಳು ತಾಗಿಸಿದರೆ ಅವರ ಮನೆಗೂ ಪಾಲು ಬರುತ್ತಿತ್ತು.

ಒಂದು, ಎರಡು, ಮೂರು. ಪ್ರತಿ ಸಲ ಹೋಗಿ ಬರಿಗೈಯಲ್ಲಿ ಓಡಿ ಬರುತ್ತಿದ್ದಳು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಬೇಡ ಎನ್ನಲಿಲ್ಲ. ಇದು ದುಡಿತ, ಬೇಡುವುದಲ್ಲ. ಐದನೆಯದಕ್ಕೆ ಹುಡುಗಿಯ ಕಾಲು ಮರಳಿನಲ್ಲಿ ಹೂತು, ಮೂಟೆ ಒಂದು ಕಡೆ ವಾಲಿತು. ಪಕ್ಕದಲ್ಲಿದ್ದ ನಾನು ಹಿಡಿಯಲು ಕೈ ಚಾಚಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು, ಕಬ್ಬಿಣದಂಥ ಹಿಡಿತ.

"ಕೈ ತೆಗೀರಿ ಅಕ್ಕೋರೇ. ನಿಮ್ಗೂ ಪಾಲು ಕೊಡ್ಬೇಕಾಗ್ತದೆ."

ಕೈ ಹಿಂದಕ್ಕೆ ಕಟ್ಟಿಕೊಂಡೆ. ಹುಡುಗಿ ಒಂದು ಮೊಣಕಾಲು ಊರಿ, ಮೂಟೆ ಸರಿ ಮಾಡಿಕೊಂಡು, ತಾನಾಗಿಯೇ ಎದ್ದಳು.

ಆರನೆಯದರ ಹಿಂದೆ ನಾವೆಲ್ಲರೂ ಹೆದ್ದಾರಿಗೆ ಬಂದೆವು. ಯಜಮಾನರಿಗೆ ಒಂದು ಪಾಲು, ಕೈ ಹಚ್ಚಿದವರಿಗೆ ತಲಾ ಒಂದು ಪಾಲು ಎಂದು ಅಜ್ಜಿ ತೀರ್ಪು ಹೇಳಿದಳು. ಕೈ ಹಚ್ಚಿದ್ದು ಒಬ್ಬಳೇ. ಜೀಪಿನಿಂದ ಮೂರು ಮೂಟೆ ಕೆಳಗಿಳಿಯಿತು. ಎರಡೂ ಹೊತ್ತು ಉಂಡರೂ ತಾಯಿ ಮಗಳಿಗೆ ಪರೀಕ್ಷೆ ದಾಟುವಷ್ಟು ಅಕ್ಕಿ. ಉಳಿದ ಮೂರನ್ನು ಮೇಡಂ ಒಯ್ಯಲೇಬೇಕಾಯಿತು. ಜೋಳದ ರೊಟ್ಟಿಯ ಮನೆಯಲ್ಲಿ ವರ್ಷವಿಡೀ ಕುಚ್ಚಲಕ್ಕಿ ಗಂಜಿ ಕುಡಿದೆವು ಎಂದು ಆಮೇಲೆ ಬರೆದಿದ್ದರು. ಹುಡುಗಿ ಪರೀಕ್ಷೆ ಬರೆದು ಪಾಸಾದಳು. ಕೆಲವು ವರ್ಷದ ಮೇಲೆ ನರ್ಸ್ ಆಗಿ ಮಂಗಳೂರಿಗೆ ಹೋದಳು. ನಮ್ಮ ಚೌಕದಲ್ಲಾದರೆ ಅದಕ್ಕೂ ಊರು ಬಿಟ್ಟವರ ಅಂಕಿಯನ್ನೇ ಬರೆಯಬೇಕಿತ್ತು. ಕಳಿಸಿದ್ದಕ್ಕೂ ಹೋದದ್ದಕ್ಕೂ ಬೇರೆ ಅಂಕಿ ನಮ್ಮ ಹತ್ತಿರ ಇರಲಿಲ್ಲ.

ಜೀಪು ಹೊರಟಿತು. ಹೆದ್ದಾರಿಯ ಬದಿಯಲ್ಲಿ ಮೂರು ಮೂಟೆ, ಅದರ ಪಕ್ಕ ಬೆವರಿನಲ್ಲಿ ತೊಯ್ದ ಹುಡುಗಿ, ಸುತ್ತ ಇನ್ನೂ ಕೈ ಕಟ್ಟಿಕೊಂಡೇ ನಿಂತ ಹೆಂಗಸರು. ಅವಳು ಮತ್ತೆ ಮೂಟೆಗೆ ಬಗ್ಗಿದಳು.

"ನಿಲ್ಲು" ಎಂದು ಅಜ್ಜಿ ಹೆಂಗಸರ ಕಡೆ ತಿರುಗಿದಳು. "ಪಾಲು ಆಗಿ ಮುಗೀತು. ಇದು ಈಗ ಅವಳದ್ದು."

ಎಲ್ಲ ಸೆರಗುಗಳಿಂದ ಒಟ್ಟಿಗೇ ಕೈಗಳು ಹೊರಬಂದವು. ನಾನು ಮಾತ್ರ ಹಿಂದೆ ಕಟ್ಟಿದ ಕೈ ಬಿಚ್ಚದೆ ಅಜ್ಜಿಯ ಮುಖ ನೋಡುತ್ತ ನಿಂತಿದ್ದೆ.

"ಈಗ ಹಿಡೀರಿ, ಅಕ್ಕೋರೇ" ಎಂದಳು.